ಹತ್ತು ಅಡಿ ಕೋಣೆಯಲ್ಲಿ ಪೋರ್ಟ್ರೇಟ್‌: ಆಕ್ಟಾ, ಆಯತ, ಛತ್ರಿ, ಸ್ಟ್ರಿಪ್‌ ಸಾಫ್ಟ್‌ಬಾಕ್ಸ್‌ಗಳ ಹೋಲಿಕೆ

ಈ ಹೋಲಿಕೆಗೆ ಆರಿಸಿಕೊಂಡ ಜಾಗ ಸಾಧಾರಣ ಮನೆಯ 10×12 ಅಡಿ ಕೋಣೆ. ಚಾವಣಿ 10 ಅಡಿ, ನಡುವೆ ಫ್ಯಾನು, ಗೋಡೆಗೆ ತಿಳಿಹಸಿರು. ನಮ್ಮಲ್ಲಿ ಪೋರ್ಟ್ರೇಟ್ ತೆಗೆಯುವ ಬಹಳ ಮಂದಿಗೆ ಸಿಗುವ ಸ್ಟುಡಿಯೊ ಇಂಥದ್ದೇ. ಲೈಟ್ ಎಲ್ಲದಕ್ಕೂ ಒಂದೇ: 200 ವ್ಯಾಟ್-ಸೆಕೆಂಡಿನ ಗೊಡಾಕ್ಸ್ ಎಡಿ200 ಪ್ರೊ ಫ್ಲ್ಯಾಶ್. ಅದಕ್ಕೆ ಬೇರ್ ಬಲ್ಬ್ ಹೆಡ್ (ಬಲ್ಬ್ ತೆರೆದಿರುವ ತಲೆ) ಹಾಕಿ, ಎಸ್2 ಬ್ರಾಕೆಟ್‌ನಲ್ಲಿ ಕೂರಿಸಿ, ಬೋವೆನ್ಸ್ ಮೌಂಟಿನ (ಅದಕ್ಕೆ ಸಿಕ್ಕುವ ಜೋಡಣೆಯ) ಸಾಫ್ಟ್‌ಬಾಕ್ಸ್‌ಗಳನ್ನು, ಅಂದರೆ ಬೆಳಕನ್ನು ಬಿಳಿಬಟ್ಟೆಯ ಮೂಲಕ ಮೃದುವಾಗಿಸುವ ಡಬ್ಬಗಳನ್ನು, ಒಂದರ ನಂತರ ಒಂದು ಬದಲಿಸಿದ್ದು. ಐಎಸ್‌ಒ 100, ಕ್ಯಾಮೆರಾದಿಂದ 45 ಡಿಗ್ರಿ ಪಕ್ಕಕ್ಕೆ ಲೈಟು, ಕೆಳಅಂಚು ಗಲ್ಲದ ಮಟ್ಟಕ್ಕೆ ಬರುವಷ್ಟು ಎತ್ತರ.

ಮೊದಲು ದೂರದ ಲೆಕ್ಕ ತಿಳಿದಿರಬೇಕು. ಬೆಳಕು ಎಷ್ಟು ಮೃದು ಎಂಬುದನ್ನು ನಿರ್ಧರಿಸುವುದು ಮುಖದ ಜಾಗದಿಂದ ನೋಡಿದಾಗ ಸಾಫ್ಟ್‌ಬಾಕ್ಸ್ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. 95 ಸೆಂ.ಮೀ. ಅಗಲದ ಆಕ್ಟಾವನ್ನು (ಎಂಟು ಮೂಲೆಯ ಸಾಫ್ಟ್‌ಬಾಕ್ಸ್) ಎರಡು ಮೀಟರ್ ದೂರ ಇಟ್ಟರೆ, ಒಂದು ಮೀಟರಿನಲ್ಲಿಟ್ಟ ಪುಟ್ಟ 47 ಸೆಂ.ಮೀ. ಡಬ್ಬದಷ್ಟೇ ಕೆಲಸ ಮಾಡುತ್ತದೆ. ಆದ್ದರಿಂದ ಸಾಫ್ಟ್‌ಬಾಕ್ಸಿನ ಅಗಲ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ದೂರದಿಂದ ಶುರುಮಾಡುವುದು ಒಳ್ಳೆಯದು. ಹತ್ತಿರ ತಂದರೆ ಇನ್ನೊಂದು ಲಾಭವೂ ಉಂಟು. ಮುಖದಿಂದ ಲೈಟು 1 ಮೀಟರ್, ಮುಖದ ಹಿಂದಿನ ಗೋಡೆ 1.5 ಮೀಟರ್ ಅಂದುಕೊಳ್ಳಿ. ಗೋಡೆಗೆ ಬೀಳುವ ಬೆಳಕು ಸುಮಾರು ಆರು ಪಟ್ಟು, ಅಂದರೆ ಎರಡೂವರೆ ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ಬಿಳಿ ಗೋಡೆಯಾದರೂ ಬೂದುಬಣ್ಣವಾಗಿ ಕಾಣುತ್ತದೆ. ಅದೇ ಲೈಟನ್ನು 2 ಮೀಟರಿಗೆ ಸರಿಸಿದರೆ ಅಂತರ ಒಂದೂವರೆ ಸ್ಟಾಪಿಗೆ ಇಳಿದು, ಹಿಂದಿನ ಸ್ವಿಚ್ಚು, ಕ್ಯಾಲೆಂಡರು, ಮೊಳೆ ಎಲ್ಲ ಎದ್ದು ಬರುತ್ತವೆ.

95 ಆಕ್ಟಾ ಮತ್ತು 120 ಆಕ್ಟಾ

ದೊಡ್ಡದೇ ಮೇಲು ಎಂಬ ನಂಬಿಕೆಯಿಂದ ಬಹಳ ಜನ ನೇರವಾಗಿ 120ಕ್ಕೆ ಹೋಗುತ್ತಾರೆ. ಅದರ ಮುಖಬಟ್ಟೆಯ ವಿಸ್ತೀರ್ಣ 95ರದ್ದಕ್ಕಿಂತ 1.6 ಪಟ್ಟು. ಬಯಲಲ್ಲಿ, ದೊಡ್ಡ ಹಾಲಿನಲ್ಲಿ ಆ ಹೆಚ್ಚಳ ಚೆನ್ನಾಗಿ ಕಾಣುತ್ತದೆ. ಹತ್ತು ಅಡಿ ಕೋಣೆಯಲ್ಲಿ ಲೆಕ್ಕವೇ ಬೇರೆ. ನಿಂತವರ ಕಣ್ಣು ನೆಲದಿಂದ ಸುಮಾರು 160 ಸೆಂ.ಮೀ. ಎತ್ತರದಲ್ಲಿರುತ್ತದೆ, ಲೈಟಿನ ನಡುಭಾಗ 200 ಸೆಂ.ಮೀ. ಆಸುಪಾಸಿಗೆ ಬರಬೇಕು. ಮುಂದಕ್ಕೆ ಬಾಗಿಸಿದರೂ 120ರ ಮೇಲಂಚು 250 ಸೆಂ.ಮೀ. ತಲುಪುತ್ತದೆ, ಅಲ್ಲಿ ಫ್ಯಾನಿನ ರೆಕ್ಕೆ. ಫ್ಯಾನು ತಪ್ಪಿಸಲು ಲೈಟು ಇಳಿಸಿದರೆ ಕಣ್ಣಿನ ಕ್ಯಾಚ್‌ಲೈಟ್ (ಕಣ್ಣಿನಲ್ಲಿ ಕಾಣುವ ಲೈಟಿನ ಬಿಂಬ) ಪಾಪೆಯ ನಡುವಿಗೆ ಜಾರಿ, ಮುಖ ಚಪ್ಪಟೆಯಾಗುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಗೋಡೆಗಳದು. 120ರಿಂದ ಹೊರಚೆಲ್ಲುವ ಬೆಳಕು ತಿಳಿಹಸಿರು ಗೋಡೆಗೆ ಬಡಿದು ನೆರಳಿನ ಕೆನ್ನೆಗೆ ಹಸಿರು ಬಳಿಯುತ್ತದೆ. ವೈಟ್ ಬ್ಯಾಲೆನ್ಸಿನಲ್ಲಿ (ಇಡೀ ಚಿತ್ರದ ಬಣ್ಣ ಹೊಂದಿಸುವುದು) ಇದನ್ನು ಸರಿಪಡಿಸಲಾಗದು, ಏಕೆಂದರೆ ಬೆಳಕಿನ ಕಡೆಯ ಕೆನ್ನೆ ಸರಿಯಾಗಿಯೇ ಇರುತ್ತದೆ. ನೆರಳು ಸರಿಮಾಡಹೊರಟರೆ ಅದು ಕೆಡುತ್ತದೆ. ಚಾವಣಿ ಬಿಳಿಯಿದ್ದರೂ ನಷ್ಟವೇ: ಮೇಲಿಂದ ತುಂಬುವ ಬೆಳಕು ನೆರಳನ್ನು ತೆಳುವಾಗಿಸಿ ಮುಖದ ಉಬ್ಬುತಗ್ಗು ಅಳಿಸುತ್ತದೆ. ಗ್ರಿಡ್ (ಬೆಳಕು ಪಕ್ಕಕ್ಕೆ ಚೆಲ್ಲದಂತೆ ಮುಂದೆ ಕಟ್ಟುವ ಜಾಲರಿ) ಹಾಕಿದ 95ರಲ್ಲಿ ಇವೆರಡೂ ಬಹುಮಟ್ಟಿಗೆ ಮಾಯ. ಗ್ರಿಡ್ ಸುಮಾರು ಒಂದು ಸ್ಟಾಪ್ ಬೆಳಕು ನುಂಗುತ್ತದೆ, ಆದರೆ ಒಂದು ಮೀಟರ್ ದೂರದಲ್ಲಿ ಎಫ್/5.6ಕ್ಕೆ 200 ವ್ಯಾಟ್-ಸೆಕೆಂಡಿನ ಫ್ಲ್ಯಾಶಿಗೆ ಅದೊಂದು ಹೊರೆಯಲ್ಲ. ಎದೆಮಟ್ಟದ ಒಬ್ಬರ ಪೋರ್ಟ್ರೇಟಿಗೆ, ಇಂಥ ಕೋಣೆಗೆ, ಗ್ರಿಡ್ ಸಹಿತ 95 ಆಕ್ಟಾವೇ ಸರಿಯಾದ ಮೊದಲ ಕೊಳ್ಳುವಿಕೆ.

120 ಗೆಲ್ಲುವ ಜಾಗಗಳೂ ಇವೆ. ಮೈಸೂರು ರೇಷ್ಮೆ, ಜರಿಯಂಚು, ಒಡವೆ ತೊಟ್ಟ ಮದುಮಗಳನ್ನು ಪೂರ್ತಿ ಎತ್ತರಕ್ಕೆ ತೆಗೆಯುವಾಗ ಸಣ್ಣ ಲೈಟು ಚಿನ್ನದ ಮೇಲೆ ಸುಟ್ಟ ಬಿಳಿಚುಕ್ಕೆಗಳನ್ನು ಬಿಡುತ್ತದೆ. ದೊಡ್ಡ ಮುಖಬಟ್ಟೆ ಅದೇ ಹೊಳಪನ್ನು ಅಗಲಕ್ಕೆ ಹರಡುವುದರಿಂದ ಸರದ ಕೆತ್ತನೆ ಉಳಿಯುತ್ತದೆ. ಕಪ್ಪು, ಗೋಧಿ ಮೈಬಣ್ಣಕ್ಕೂ ಈ ಮಾತು ಸಲ್ಲುತ್ತದೆ. ಅಂಥ ಚರ್ಮದಲ್ಲಿ ಮುಖದ ಆಕಾರ ತೋರುವುದೇ ಹೊಳಪಿನ ಭಾಗಗಳು. ಅವು ಅಗಲವಾಗಿ, ಮೆತ್ತಗೆ ಇಳಿಯಬೇಕು. ಲೈಟಿನ ನಡುಭಾಗವನ್ನು ಮುಖದ ಮುಂದಕ್ಕೆ ತಿರುಗಿಸಿ ಅಂಚಿನ ಬೆಳಕು ಮಾತ್ರ ತಾಗುವಂತೆ ಮಾಡಿದರೆ 95ರಲ್ಲೂ ಈ ಗುಣ ಸಾಕಷ್ಟು ಸಿಗುತ್ತದೆ.

ಡೀಪ್ ಆಕ್ಟಾಗಳ ಬಗ್ಗೆ ಎರಡು ಮಾತು. ಪ್ಯಾರಾಬೋಲಿಕ್ ಎಂದು ಮಾರುವ ಇವುಗಳಿಗೆ ಮುಂದಿನ ಬಟ್ಟೆ ಹಾಕಿದ ಕೂಡಲೇ ಬೆಳಕಿನ ಮೂಲ ಆ ಬಟ್ಟೆಯೇ ಆಗುತ್ತದೆ. ಒಳಗಿನ ಬಾಗು ಏನೇ ಇದ್ದರೂ ಮುಖದ ಮೇಲೆ ಬೀಳುವ ಬೆಳಕು ಅದೇ ಅಗಲದ ಮಾಮೂಲಿ ಆಕ್ಟಾದ್ದರಂತೆಯೇ. ಸಣ್ಣ ಕೋಣೆಯಲ್ಲಿ ಅದರ ಆಳ ಜಾಗ ತಿನ್ನುತ್ತದೆ, ಭಾರಕ್ಕೆ ಬ್ರಾಕೆಟ್ ಕೆಳಗೆ ವಾಲುತ್ತದೆ.

60×90 ಆಯತ

ಇದನ್ನು ಹಳೇ ಕಾಲದ್ದೆಂದು ಬದಿಗಿಡುವುದು ಅನ್ಯಾಯ. ಅಡ್ಡಲಾಗಿ ಕಟ್ಟಿದರೆ ನಡುವಿನಿಂದ ಮೇಲಕ್ಕೆ ಬರೀ 30 ಸೆಂ.ಮೀ., ಆದ್ದರಿಂದ ತಗ್ಗು ಚಾವಣಿಗೆ, ಪಕ್ಕಪಕ್ಕ ಕೂತ ಇಬ್ಬರಿಗೆ ಇದರಷ್ಟು ಅನುಕೂಲ ಬೇರೆಯದಿಲ್ಲ. ನೇರ ಅಂಚು ಇರುವುದರಿಂದ ಹಿಂದಿನ ಗೋಡೆಗೆ ಬೆಳಕು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸಬಹುದು. ಕಣ್ಣಿನಲ್ಲಿ ಕಿಟಕಿಯ ಆಕಾರದ ಕ್ಯಾಚ್‌ಲೈಟ್ ಬರುತ್ತದೆ, ಅದೂ ಸೊಗಸೇ. ಉದ್ದಕ್ಕೆ ನಿಲ್ಲಿಸಿದಾಗ ಮಾತ್ರ ಗಮನವಿರಲಿ: ಅಡ್ಡಗಲ 60 ಸೆಂ.ಮೀ. ಅಷ್ಟೇ ಆದ್ದರಿಂದ ಮೂಗಿನ ಪಕ್ಕದ ನೆರಳಿನ ಅಂಚು ಆಕ್ಟಾದ್ದಕ್ಕಿಂತ ಗಡುಸು. 75 ಸೆಂ.ಮೀ. ತನಕ ಹತ್ತಿರ ತಂದರೆ ಅದು ಕರಗುತ್ತದೆ.

ಜೋಡಿಸುವಾಗ ನಾಲ್ಕು ಕಡ್ಡಿಗಳನ್ನು ಸಾಲಾಗಿ ಸಿಕ್ಕಿಸಲು ಹೋಗಬೇಡಿ. ಮೂಲೆಯಿಂದ ಮೂಲೆಗೆ ಎದುರುಬದುರಿನ ಎರಡನ್ನು ಮೊದಲು ಸ್ಪೀಡ್‌ರಿಂಗಿಗೆ (ಕಡ್ಡಿಗಳು ಸಿಕ್ಕುವ ನಡುವಿನ ಬಳೆ) ಹಾಕಿ, ಆಮೇಲೆ ಉಳಿದೆರಡು. ಇಲ್ಲದಿದ್ದರೆ ಎಳೆತವೆಲ್ಲ ಕೊನೆಯ ಕಡ್ಡಿಯ ಮೇಲೆ ಬಿದ್ದು ಬಟ್ಟೆಯ ಮೂಲೆಜೇಬು ಹರಿಯುತ್ತದೆ.

ಛತ್ರಿ ಸಾಫ್ಟ್‌ಬಾಕ್ಸ್

ಅಗ್ಗ, ಬೇಗ ಬಿಚ್ಚುತ್ತದೆ, ಬೈಕಿನಲ್ಲಿ ಒಯ್ಯಬಹುದು. ಆದರೆ ಈ ಹೆಸರಿನಲ್ಲಿ ಎರಡು ಬಗೆಗಳಿವೆ, ಕೊಳ್ಳುವಾಗ ಗೊಂದಲ ಆಗುವುದು ಇಲ್ಲೇ. ಒಂದರಲ್ಲಿ ಫ್ಲ್ಯಾಶು ಹಿಂದಿನಿಂದ ಸಿಕ್ಕುತ್ತದೆ, ಛತ್ರಿಯಂತೆ ಬಿಚ್ಚುವುದು ಬರೀ ಚೌಕಟ್ಟು. ಇದು ಮಾಮೂಲಿ ಆಕ್ಟಾದ ಕೆಲಸವನ್ನೇ ಮಾಡುತ್ತದೆ. ಇನ್ನೊಂದು ಬಗೆಯಲ್ಲಿ ಫ್ಲ್ಯಾಶು ಮುಂದಿನ ಬಟ್ಟೆಯ ತೂತಿನಿಂದ ಒಳಮುಖವಾಗಿ ಹೊಡೆಯುತ್ತದೆ. ಅಂದರೆ ಸ್ಟ್ಯಾಂಡು, ಫ್ಲ್ಯಾಶಿನ ಮೈ, ಛತ್ರಿಯ ಕಾವು ಮೂರೂ ಬಟ್ಟೆಗೂ ಮುಖಕ್ಕೂ ನಡುವೆ ನಿಲ್ಲುತ್ತವೆ. ಒಂದು ಮೀಟರಿಗಿಂತ ಹತ್ತಿರ ತರುವುದು ಕಷ್ಟ, ಕೆಳಕ್ಕೆ ಬಾಗಿಸಿದರೆ ಸ್ಟ್ಯಾಂಡಿಗೆ ತಾಗುತ್ತದೆ, ಕ್ಯಾಚ್‌ಲೈಟಿನ ನಡುವೆ ಕಪ್ಪು ಚುಕ್ಕೆ ಕೂರುತ್ತದೆ. ಗುಂಪಿನ ಫೋಟೊಗೆ ದೂರದಿಂದ ಹೊಡೆಯಲು ನಡೆಯುತ್ತದೆ. ಒಬ್ಬರ ಪೋರ್ಟ್ರೇಟಿಗೆ ಬೇಡ.

30×120 ಸ್ಟ್ರಿಪ್

ಮುಖ್ಯ ಲೈಟಾಗಿ ಅಲ್ಲ. ಉದ್ದಕ್ಕೆ ನಿಲ್ಲಿಸಿದರೆ ಅಡ್ಡಗಲ ಕಿರಿದಾದ್ದರಿಂದ ಮೂಗಿನ ನೆರಳು ಚೂಪಾಗುತ್ತದೆ. ಗ್ರಿಡ್ ಹಾಕಿ ಹಿಂದಿನ ಮೂಲೆಯಿಂದ ಕಪ್ಪು ಕೂದಲು, ಸೆರಗಿನ ಅಂಚು ಬಿಡಿಸಿ ತೋರಿಸಲು ಮಾತ್ರ. ಗ್ರಿಡ್ ಇಲ್ಲದೆ ಇಟ್ಟರೆ ಬೆಳಕು ಲೆನ್ಸಿಗೆ ಹೊಕ್ಕು ಚಿತ್ರವೆಲ್ಲ ಮಂಜಾಗುತ್ತದೆ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ಸಾಫ್ಟ್‌ಬಾಕ್ಸಿನ ಮುಖಬಟ್ಟೆಯನ್ನೇ ನೇರವಾಗಿ ಫೋಟೊ ತೆಗೆಯಿರಿ. ಫ್ಲ್ಯಾಶ್ ಕನಿಷ್ಠ ಶಕ್ತಿಗೆ ಇಟ್ಟು, ಎಫ್/16ರಿಂದ ಶುರುಮಾಡಿ, ನಡುಭಾಗ ಸುಡದಷ್ಟು ಕತ್ತಲಾಗಿಸಿ. ನಡುವಿಗೂ ಅಂಚಿಗೂ ಒಂದು ಸ್ಟಾಪಿನೊಳಗೆ ಅಂತರವಿದ್ದರೆ ಒಳ್ಳೆಯದು. ಎರಡು ಸ್ಟಾಪ್ ದಾಟಿದರೆ ನೀವು ದುಡ್ಡು ಕೊಟ್ಟಿದ್ದು 95 ಸೆಂ.ಮೀ.ಗೆ, ಕೆಲಸ ಮಾಡುವುದು ನಡುವಿನ ಅರ್ಧ ಮಾತ್ರ. ಕಾರಣ ಹೆಚ್ಚಾಗಿ ಒಳಬಟ್ಟೆ ಇಲ್ಲದಿರುವುದು, ಅಥವಾ ಸ್ಪೀಡ್‌ಲೈಟಿನ (ಕ್ಯಾಮೆರಾದ ಮೇಲೆ ಕೂರಿಸುವ ಫ್ಲ್ಯಾಶ್) ಜೂಮ್ ಹೆಡ್ ಬೆಳಕನ್ನು ನಡುವಿಗೇ ನೂಕುವುದು. ಸ್ಪೀಡ್‌ಲೈಟ್ ಬಳಸುವವರು ಜೂಮನ್ನು 24 ಮಿ.ಮೀ.ಗೆ ಇಳಿಸಿ, ಬೆಳಕು ಹರಡುವ ವೈಡ್ ಪ್ಯಾನೆಲ್ ಎಳೆದುಕೊಳ್ಳಬೇಕು. ಎಡಿ200ರಲ್ಲಿ ಫ್ರೆಸ್ನೆಲ್ ಹೆಡ್ (ಮುಂದೆ ಲೆನ್ಸಿರುವ ತಲೆ) ಬಿಟ್ಟು ಬೇರ್ ಬಲ್ಬ್ ಹಾಕಿದರೆ ಅಂಚುಗಳು ತಾವಾಗಿಯೇ ತುಂಬುತ್ತವೆ.

ಬಟ್ಟೆಯ ಬಣ್ಣವನ್ನೂ ನೋಡಿ. ಗ್ರೇ ಕಾರ್ಡನ್ನು (ಬಣ್ಣ ಅಳೆಯುವ ಬೂದು ಹಾಳೆ) ಮೊದಲು ಬರಿಯ ಫ್ಲ್ಯಾಶಿನಲ್ಲಿ, ಆಮೇಲೆ ಸಾಫ್ಟ್‌ಬಾಕ್ಸ್ ಹಾಕಿ ತೆಗೆದು ವೈಟ್ ಬ್ಯಾಲೆನ್ಸ್ ಅಂಕಿ ಹೋಲಿಸಿ. ಒಂದೇ ಲೈಟಿದ್ದಾಗ ಸ್ವಲ್ಪ ಹಳದಿ ಇದ್ದರೂ ನಡೆದೀತು. ಎರಡು ಲೈಟು ಬಳಸುವಾಗ ಎರಡಕ್ಕೂ ಒಂದೇ ಕಂಪನಿಯ, ಒಂದೇ ವಯಸ್ಸಿನ ಬಟ್ಟೆ ಇರಲಿ. ಬಟ್ಟೆ ಹಳೆಯದಾದಂತೆ ಹಳದಿಗೆ ತಿರುಗುತ್ತದೆ.

ಕನ್ನಡಕದವರಿಗೆ ದೊಡ್ಡ ಆಕ್ಟಾ ಕಾಟ ಕೊಡುತ್ತದೆ: ಗಾಜಿನಲ್ಲಿ ಅದರ ಪ್ರತಿಬಿಂಬವೂ ದೊಡ್ಡದೇ. ಲೈಟನ್ನು ಇನ್ನೊಂದಿಷ್ಟು ಮೇಲಕ್ಕೂ ಪಕ್ಕಕ್ಕೂ ಸರಿಸಿ, ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಒಂದೆರಡು ಮಿ.ಮೀ. ಎತ್ತಿ ಕೂರಿಸಿದರೆ ಗಾಜು ಕೆಳಕ್ಕೆ ಬಾಗಿ ಬಿಂಬ ಜಾರುತ್ತದೆ. ಗಲ್ಲ ತಗ್ಗಿಸಲು ಹೇಳುವುದಕ್ಕಿಂತ ಇದು ಮೇಲು, ಕಣ್ಣಿನ ನೋಟ ಕೆಡುವುದಿಲ್ಲ.

ಸ್ಟ್ಯಾಂಡಿನ ಮೂರು ಕಾಲುಗಳಲ್ಲಿ ಒಂದು ಸಾಫ್ಟ್‌ಬಾಕ್ಸ್ ಚಾಚಿರುವ ದಿಕ್ಕಿಗೇ ಇರಬೇಕು, ಹಿಂದಿನ ಕಾಲಿನ ಮೇಲೆ 5 ಕಿಲೊ ಮರಳಚೀಲ. ಟೆರೇಸಿನಲ್ಲಾದರೆ ಅದೂ ಸಾಲದು. ಗಾಳಿ ಹಿಡಿದ 120 ಆಕ್ಟಾವನ್ನು ಒಬ್ಬರು ಕೈಯಲ್ಲಿ ಹಿಡಿದೇ ನಿಲ್ಲಬೇಕು, ಆ ಒಬ್ಬರು ಸಿಗದ ದಿನ 60×90 ಸಾಕು.