ಸೇವೆ ಅಂದರೂ ಸಂಬಳ ಬರಹದಲ್ಲಿ ಕೇಳಿ

ಶಿರಸಿ, ಕುಮಟಾ, ಹೊನ್ನಾವರ ಕಡೆ ಪಿಜಿ ಮುಗಿಸಿ ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಅಥವಾ ಕೆಸೆಟ್ ಪಾಸಾಗಿ ಕೆಲಸ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಊರಲ್ಲೇ ಇದ್ದರೆ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಹೊರಗಿನ ಧಾರ್ಮಿಕ ವಿಶ್ವವಿದ್ಯಾಲಯದಿಂದ ನೇಮಕಾತಿ ಪತ್ರ ಬಂದರೆ ಮನೆಯವರಿಗೆಲ್ಲ ಖುಷಿ. ದೇವರ ಹೆಸರಿನ ಜಾಗ, ಅಲ್ಲಿ ಮೋಸ ಇರಲಿಕ್ಕಿಲ್ಲ ಅನ್ನುವ ಧೈರ್ಯ ಬೇರೆ.

ನಾನು ಹೊರರಾಜ್ಯದ ಅಂಥದ್ದೊಂದು ಕಡೆ ವಾಣಿಜ್ಯ ವಿಭಾಗದಲ್ಲಿ ಪಾಠ ಮಾಡಿದೆ. ಪತ್ರದಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ವೇತನ ಶ್ರೇಣಿ ಎಂದೇ ಇತ್ತು. ಅಂದರೆ ಸಹಾಯಕ ಪ್ರಾಧ್ಯಾಪಕರಿಗೆ ಶುರುವಿನ ಮೂಲವೇತನ 57,700 ರೂಪಾಯಿ. ಬ್ಯಾಂಕಿಗೆ ಆ ಲೆಕ್ಕದ ಹಣವೇ ಬರುತ್ತಿತ್ತು. ಎರಡು ದಿನ ಬಿಟ್ಟು ಆಫೀಸಿನವರೊಬ್ಬರು ಸ್ಟಾಫ್ ರೂಮಿಗೆ ಬರುತ್ತಿದ್ದರು, ಕೈಯಲ್ಲಿ ಕೇಸರಿ ರಟ್ಟಿನ ರಸೀದಿ ಪುಸ್ತಕ. ನಮ್ಮ ಹೆಸರು, ಮೊತ್ತ ಎಲ್ಲ ಮೊದಲೇ ಬರೆದಿರುತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಹಣವನ್ನು ಎಟಿಎಮ್ಮಿನಿಂದ ತೆಗೆದು ಟ್ರಸ್ಟಿಗೆ ಕಾಣಿಕೆ ಅಂತ ನಗದಾಗಿ ಕೊಡಬೇಕು. ಕೊಡದವರನ್ನು ಯಾರೂ ಬೈಯುತ್ತಿರಲಿಲ್ಲ. "ನಿಮಗೆ ಸೇವಾಭಾವ ಕಡಿಮೆ" ಅನ್ನುತ್ತಿದ್ದರು, ಮುಂದಿನ ತಿಂಗಳು ಅವರ ಸಂಬಳವೇ ತಡೆಯುತ್ತಿದ್ದರು.

ಬಿಟ್ಟು ಬರೋಣ ಅಂದರೆ ಮೂಲ ಅಂಕಪಟ್ಟಿಗಳು ಅವರ ಕಪಾಟಿನಲ್ಲಿದ್ದವು. ಪರಿಶೀಲನೆಗೆ ಅಂತ ಸೇರಿದ ದಿನ ತೆಗೆದುಕೊಂಡಿದ್ದು. ಮೂರು ತಿಂಗಳ ಸಂಬಳ ಕಟ್ಟಿದರೆ ಕೊಡುತ್ತೇವೆ ಅಂದರು. ವಕೀಲರ ನೋಟಿಸ್ ಹೋದ ಮೇಲೆ ವಾಪಸ್ ಸಿಕ್ಕವು. ಕಾಣಿಕೆ ಹಣ ಮಾತ್ರ ಹೋದ ಹಾಗೇ.

ಬೋಧಕರಲ್ಲದವರ ಪಾಡು ಇನ್ನೂ ಕಷ್ಟ. ನಮ್ಮ ಸೀಮೆಯ ಹುಡುಗನೊಬ್ಬ ಅಲ್ಲಿ ಹಾಸ್ಟೆಲ್ ವಾರ್ಡನ್ ಆಗಿದ್ದ. ಹಗಲು ಆಫೀಸು, ರಾತ್ರಿ ಹಾಸ್ಟೆಲ್, ನಸುಕಿನಲ್ಲಿ ಪ್ರಾರ್ಥನೆಗೆ ಹಾಜರಿ. ಊಟ, ವಸತಿ ಕೊಟ್ಟಿದ್ದೇವಲ್ಲ ಅಂತ ಪಿಎಫ್ ಕಟ್ಟಿರಲೇ ಇಲ್ಲ. 20 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ವಿಶ್ವವಿದ್ಯಾಲಯಕ್ಕೆ ಪಿಎಫ್ ಕಾನೂನು ಅನ್ವಯಿಸುತ್ತದೆ ಅಂತ ಅವನಿಗೆ ಹೇಳುವವರೇ ಇರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಖಾಸಗಿ ಶಿಕ್ಷಕರಿಗೂ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟಿನ ಹಕ್ಕಿದೆ. ಆ ಹಕ್ಕು ಕೊಟ್ಟ 2009ರ ತಿದ್ದುಪಡಿ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ.

ಎಲ್ಲ ಧಾರ್ಮಿಕ ಸಂಸ್ಥೆಗಳೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಕಡೆ ನೆಮ್ಮದಿಯಿಂದ ಇರುವ ಗೆಳೆಯರಿದ್ದಾರೆ. ಆದರೆ ಹೊರಡುವ ಮೊದಲು ಯುಜಿಸಿ ವೆಬ್‌ಸೈಟಿನಲ್ಲಿ ಆ ಹೆಸರು ಇದೆಯಾ ನೋಡಿ. ಕಾಯ್ದೆಯ ಮೂಲಕ ಹುಟ್ಟಿದ್ದು ಅಥವಾ ಡೀಮ್ಡ್ (ವಿಶ್ವವಿದ್ಯಾಲಯಕ್ಕೆ ಸಮ ಎಂಬ) ಮಾನ್ಯತೆ ಸಿಕ್ಕಿದ್ದು ಬಿಟ್ಟರೆ ಬೇರೆಯವರು ವಿಶ್ವವಿದ್ಯಾಲಯ ಅಂತ ಬೋರ್ಡು ಹಾಕುವಂತೆಯೇ ಇಲ್ಲ. ನಕಲಿಗಳ ಪಟ್ಟಿಯೂ ಅಲ್ಲೇ ಸಿಗುತ್ತದೆ. ಮೂಲ ಅಂಕಪಟ್ಟಿ ತೋರಿಸಿ, ಝೆರಾಕ್ಸ್ ಕೊಟ್ಟು, ಮೂಲವನ್ನು ಅವತ್ತೇ ಬ್ಯಾಗಿಗೆ ಹಾಕಿಕೊಳ್ಳಿ. ಕೆಲಸ ಬಿಡುವ ಷರತ್ತು ಏನು, ಪಿಎಫ್ ಖಾತೆಯ ಗುರುತಿನ ಸಂಖ್ಯೆಯಾದ ಯುಎಎನ್ ನಂಬರ್ ಯಾವಾಗ ಕೊಡುತ್ತಾರೆ, ಎರಡನ್ನೂ ಇಮೇಲಿನಲ್ಲಿ ಕೇಳಿ. ಅಲ್ಲಿ ಈಗಾಗಲೇ ಕೆಲಸ ಬಿಟ್ಟು ಬಂದವರೊಬ್ಬರ ಹತ್ತಿರ ಮಾತಾಡಿ, ಇರುವವರು ಬಾಯಿ ಬಿಡುವುದಿಲ್ಲ.

ಕುಮಟಾದ ಇಬ್ಬರಿಗೆ ಮೊನ್ನೆ ಅದೇ ಸಂಸ್ಥೆಯಿಂದ ಸಂದರ್ಶನದ ಕರೆ ಬಂದಿದೆಯಂತೆ. ಹೋಗುವ ಮುಂಚೆ ಒಮ್ಮೆ ನನ್ನನ್ನು ಭೇಟಿಯಾಗಿ. ನನ್ನ ಪತ್ರ, ಆ ರಸೀದಿಗಳು ಎಲ್ಲ ಇಟ್ಟುಕೊಂಡಿದ್ದೇನೆ, ತೋರಿಸುತ್ತೇನೆ.