ಡಿಗ್ರಿ ಮಕ್ಕಳಿಗೆ ಎನ್‌ಪಿಟೆಲ್ ಕೋರ್ಸ್ ಹೇಗಿದೆ? ಮಂಡ್ಯದಿಂದ ಒಂದು ರಿವ್ಯೂ

"ಮೇಡಂ, ಎಐ ಕಲಿಯಬೇಕು, ಎಲ್ಲಿ ಸೇರಲಿ?" ಮಂಡ್ಯದಲ್ಲಿ ಬಿಕಾಂ ಮಕ್ಕಳಿಗೆ ಪಾಠ ಮಾಡುವ ನನಗೆ ಈಗ ಜಾಸ್ತಿ ಬರುವ ಪ್ರಶ್ನೆ ಇದೇ. ನಮ್ಮ ಒಬ್ಬ ಹುಡುಗ ಮೈಸೂರಿನ ಒಂದು ವಾರಾಂತ್ಯದ ಕ್ಲಾಸ್‌ಗೆ ಸಾವಿರಾರು ರೂಪಾಯಿ ಕಟ್ಟಿ ಬಂದ. ಕೈಯಲ್ಲಿ ಚೆಂದದ ಸರ್ಟಿಫಿಕೇಟ್ ಇತ್ತು, ಆದರೆ ಎಕ್ಸೆಲ್‌ನಲ್ಲಿ ಒಂದು ಕಾಲಂ ಕೂಡಿಸಲು ಬರುತ್ತಿರಲಿಲ್ಲ. ಅವನ ಅಪ್ಪ ಕಬ್ಬಿನ ದುಡ್ಡಿನಲ್ಲಿ ಕಟ್ಟಿದ ಫೀಸು ಅದು. ತುಂಬಾ ಬೇಜಾರಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುವುದು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣವಾದ ಸ್ವಯಂ ಪೋರ್ಟಲ್‌ನಲ್ಲಿರುವ ಎನ್‌ಪಿಟೆಲ್ ಕೋರ್ಸ್‌ಗಳ ಬಗ್ಗೆ. ಎನ್‌ಪಿಟೆಲ್ ಅನ್ನು 2003ರಲ್ಲಿ ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಶುರು ಮಾಡಿದವು, ಸ್ವಯಂ ಬಂದದ್ದು 2017ರಲ್ಲಿ. ಸೇರುವುದು, ವಿಡಿಯೊ ನೋಡುವುದು, ಅಸೈನ್‌ಮೆಂಟ್ ಮಾಡುವುದು ಎಲ್ಲ ಫ್ರೀ. ಪರೀಕ್ಷೆ ಬರೆದು ಸರ್ಟಿಫಿಕೇಟ್ ತೆಗೆದುಕೊಳ್ಳುತ್ತೇನೆ ಅಂದರೆ ಮಾತ್ರ 1000 ರೂಪಾಯಿ. ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ಮಕ್ಕಳಿಗೆ ಅದರಲ್ಲಿ ಅರ್ಧ.

ನಾವು ತೆಗೆದುಕೊಂಡದ್ದು ಐಐಟಿ ರೋಪರ್‌ನ 'ದಿ ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್'. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ, ಅಂದರೆ ಕಂಪ್ಯೂಟರ್‌ಗೆ ಕೆಲಸ ಹೇಳುವ ಭಾಷೆ, ಕಲಿಸುವ 12 ವಾರದ ಕೋರ್ಸ್. ನಾವು ಅಂದರೆ ನಾನು ಮತ್ತು ಬಿಎ, ಬಿಕಾಂ ಓದುವ ಒಂದಷ್ಟು ಮಕ್ಕಳು, ಹೆಚ್ಚಿನವರು ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವರು. ಪ್ರೋಗ್ರಾಮಿಂಗ್ ಅಂದರೆ ಇಂಜಿನಿಯರಿಂಗ್‌ನವರ ಸೊತ್ತು ಅಂದುಕೊಂಡಿದ್ದ ಮಕ್ಕಳು ಇವರು. ಈ ಕೋರ್ಸ್‌ನಲ್ಲಿ ಏನು ಇಷ್ಟವಾಯಿತು ಗೊತ್ತಾ? ಹಾವು ಏಣಿ ಆಟಕ್ಕೆ ಪ್ರೋಗ್ರಾಂ ಬರೆಸುತ್ತಾರೆ. ಹೈಸ್ಕೂಲಿನಲ್ಲಿ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಎಲ್ಲರೂ ಆಡಿದ ಫ್ಲೇಮ್ಸ್ ಆಟಕ್ಕೂ ಬರೆಸುತ್ತಾರೆ. ಅದೇ ದಾರಿಯಲ್ಲಿ ಮುಂದೆ ಹೋಗಿ ಬರಹದ ಭಾವನೆ ಸಿಹಿಯೋ ಕಹಿಯೋ ಅಂತ ಕಂಪ್ಯೂಟರ್ ಹೇಗೆ ಅಂದಾಜು ಮಾಡುತ್ತದೆ, ಗೂಗಲ್ ಯಾವ ಪುಟವನ್ನು ಮೇಲೆ ತೋರಿಸಬೇಕು ಅಂತ ಹೇಗೆ ಲೆಕ್ಕ ಹಾಕುತ್ತದೆ, ಅಲ್ಲಿಗೆ ತಂದು ನಿಲ್ಲಿಸುತ್ತಾರೆ. ಎಐ ಅನ್ನೋದು ಮಂತ್ರ ಅಲ್ಲ, ಎಣಿಕೆ ಮತ್ತು ಅಂದಾಜು ಅನ್ನುವುದು ಮಕ್ಕಳಿಗೆ ಕೈಯಲ್ಲಿ ಮಾಡಿ ಗೊತ್ತಾಗುತ್ತದೆ.

ಇನ್ನು ಮಾರ್ಕ್ಸ್ ವಿಷಯ. ನನ್ನ ಪ್ರಕಾರ ಈ ಸೇವೆಯ ನಿಜವಾದ ಬೆಲೆ ಇರುವುದೇ ಇಲ್ಲಿ. ಪ್ರತಿ ವಾರ ಅಸೈನ್‌ಮೆಂಟ್ ಇರುತ್ತದೆ. 12ರಲ್ಲಿ ಚೆನ್ನಾಗಿ ಮಾಡಿದ 8ನ್ನು ಹಿಡಿದು 25ಕ್ಕೆ ಲೆಕ್ಕ. ಉಳಿದ 75 ಅಂಕ ಪರೀಕ್ಷೆಗೆ, ಅದನ್ನು ಸೆಂಟರ್‌ಗೆ ಹೋಗಿ, ಮೇಲ್ವಿಚಾರಕರ ಎದುರು ಕೂತು ಬರೆಯಬೇಕು. ಪಾಸಾಗಲು ಅಸೈನ್‌ಮೆಂಟ್‌ನಲ್ಲಿ 10, ಪರೀಕ್ಷೆಯಲ್ಲಿ 30, ಎರಡೂ ಬೇಕು. ಮೊದಲ ವಾರಗಳಲ್ಲಿ ಕೆಲವರು ಪ್ರಶ್ನೆಯನ್ನು ಚಾಟ್‌ಬಾಟ್‌ಗೆ ಹಾಕಿ ಉತ್ತರ ಇಳಿಸಿದರು. ಅಸೈನ್‌ಮೆಂಟ್‌ನಲ್ಲಿ ಪೂರ್ತಿ ಮಾರ್ಕ್ಸ್ ಬಂತು. ಹಳೆಯ ಪ್ರಶ್ನೆಗಳನ್ನು ಫೋನ್ ಇಲ್ಲದೆ ಕೂರಿಸಿ ಮಾಡಿಸಿದೆ, ನಾಲ್ಕು ಸಾಲಿನ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕೋಡ್) ಏನು ಪ್ರಿಂಟ್ ಮಾಡುತ್ತದೆ ಅಂತ ಹೇಳಲು ಆಗಲಿಲ್ಲ. ಆಮೇಲೆ ನಾನು ಬೈಯಬೇಕಾದ ಅಗತ್ಯವೇ ಬೀಳಲಿಲ್ಲ, ಅವರೇ ದಾರಿ ಬದಲಿಸಿದರು. ಮೊದಲು ತಾವು ಬರೆಯುವುದು, ತಪ್ಪು ಬಂದರೆ "ಇದು ಯಾಕೆ ಓಡುತ್ತಿಲ್ಲ, ಕನ್ನಡದಲ್ಲಿ ಹೇಳು" ಅಂತ ಚಾಟ್‌ಬಾಟ್‌ನ ಕೇಳುವುದು. ಇದು ಒಳ್ಳೆಯ ಬಳಕೆ ಅಲ್ವಾ?

ಕನ್ನಡದ ವಿಷಯ ನೇರವಾಗಿ ಹೇಳುತ್ತೇನೆ. ಪಾಠ ಇಂಗ್ಲಿಷಿನಲ್ಲಿದೆ, ಪರೀಕ್ಷೆಯೂ ಇಂಗ್ಲಿಷಿನಲ್ಲೇ. ನಮ್ಮ ಮಕ್ಕಳಿಗೆ ಅತಿ ದೊಡ್ಡ ಅಡ್ಡಿ ಇದು. ಮೇಷ್ಟ್ರು ಮಾತಾಡುವ ಇಂಗ್ಲಿಷ್ ಸರಳವಾಗಿದೆ, ವಿಡಿಯೊ ನಿಲ್ಲಿಸಿ ಮತ್ತೆ ನೋಡಬಹುದು, ಆದರೂ ಒಬ್ಬರೇ ಕೂತರೆ ಮೂರನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ಗುಂಪಾಗಿ ಕೂತು, ಒಂದು ವಿಡಿಯೊ ನೋಡಿ, ಕನ್ನಡದಲ್ಲಿ ಮಾತಾಡಿಕೊಂಡರೆ ಮಾತ್ರ ಮುಂದೆ ಸಾಗುತ್ತದೆ. ಆದ್ದರಿಂದ ಒಬ್ಬರೇ ಸೇರಬೇಡಿ, ಕನಿಷ್ಠ ಒಬ್ಬ ಸ್ನೇಹಿತರನ್ನಾದರೂ ಎಳೆದುಕೊಳ್ಳಿ.

ಇನ್ನೊಂದು ತೊಡಕು ಕೋರ್ಸ್‌ಗೆ ಸಂಬಂಧಪಟ್ಟದ್ದಲ್ಲ, ಆದರೆ ಹೇಳಲೇಬೇಕು. ನಮ್ಮ ಬಹಳಷ್ಟು ಕನ್ನಡ ನೋಟ್ಸ್ ಹಳೆಯ ನುಡಿ ಫಾಂಟ್‌ನಲ್ಲಿವೆ. ಅದನ್ನು ಕಾಪಿ ಮಾಡಿ ಚಾಟ್‌ಬಾಟ್‌ಗೆ ಹಾಕಿದರೆ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿದರೆ ಮಾತ್ರ ಅದಕ್ಕೆ ಕನ್ನಡ ಅಂತ ಗೊತ್ತಾಗುತ್ತದೆ. ಇಷ್ಟು ಚಿಕ್ಕ ವಿಷಯ ಯಾವ ಸಿಲಬಸ್‌ನಲ್ಲೂ ನಾನು ನೋಡಿಲ್ಲ. ಲೆಕ್ಚರರ್‌ಗಳೇ ಮೊದಲು ಕಲಿಯಬೇಕಾದ್ದು ಇದು.

ನಮ್ಮ ಗುಂಪಿನ ಹಿಸ್ಟರಿ ಹುಡುಗಿ ಒಬ್ಬಳು ಶಿವಪುರದ ಧ್ವಜ ಸತ್ಯಾಗ್ರಹದ ಬಗ್ಗೆ ಚಾಟ್‌ಬಾಟ್‌ನ ಕನ್ನಡದಲ್ಲಿ ಕೇಳಿದಳು. ವರ್ಷ 1938 ಅಂತ ಸರಿಯಾಗಿ ಹೇಳಿತು. ಆದರೆ ಅದೇ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ನಡೆದ ಗೋಲಿಬಾರನ್ನು ತಂದು ಶಿವಪುರಕ್ಕೆ ಅಂಟಿಸಿತ್ತು. ಓದಲು ಎಷ್ಟು ಸಲೀಸಾಗಿತ್ತು ಅಂದರೆ ಹೊರಗಿನವರು ನಂಬಿಬಿಡುತ್ತಾರೆ. ಅವಳ ಊರು ಮದ್ದೂರು ಕಡೆ, ಸತ್ಯಾಗ್ರಹ ಸೌಧ ನೋಡಿ ಬೆಳೆದವಳು, ತಕ್ಷಣ ಹಿಡಿದಳು. ಪ್ರೋಗ್ರಾಮಿಂಗ್‌ನಲ್ಲಿ ತಪ್ಪಾದರೆ ಕೆಂಪು ಅಕ್ಷರದಲ್ಲಿ ಎರರ್ ಬರುತ್ತದೆ, ಇತಿಹಾಸದಲ್ಲಿ ಬರುವುದಿಲ್ಲ. ಬಿಎ ಮಕ್ಕಳಿಗೆ ಎಐ ಕಲಿಸುವವರು ಇಲ್ಲಿಂದ ಶುರು ಮಾಡಲಿ ಅನ್ನುವುದು ನನ್ನ ಆಸೆ. ಈ ಕೋರ್ಸ್‌ನಲ್ಲಿ ಆ ಭಾಗ ಇಲ್ಲ, ನಾವೇ ಸೇರಿಸಿಕೊಳ್ಳಬೇಕು.

ಲ್ಯಾಪ್‌ಟಾಪ್ ಇಲ್ಲದವರು ಏನು ಮಾಡಬೇಕು? ವಿಡಿಯೊಗೆ ಫೋನ್ ಸಾಕು. ಕೋಡ್ ಬರೆಯಲು ಗೂಗಲ್ ಕೊಲ್ಯಾಬ್ (ಬ್ರೌಸರ್‌ನಲ್ಲೇ ಪೈಥಾನ್ ಬರೆದು ಓಡಿಸುವ ತಾಣ) ಫೋನಿನಲ್ಲೂ ತೆರೆಯುತ್ತದೆ, ಆದರೆ ಆ ಪುಟ್ಟ ಕೀಬೋರ್ಡ್‌ನಲ್ಲಿ ಸಾಲಿನ ಮುಂದೆ ಜಾಗ ಬಿಡುವುದೇ ಒಂದು ಹಿಂಸೆ, ಪೈಥಾನ್‌ನಲ್ಲಿ ಜಾಗ ತಪ್ಪಿದರೆ ಪ್ರೋಗ್ರಾಂ ಓಡುವುದಿಲ್ಲ. ಕಾಲೇಜಿನ ಲ್ಯಾಬ್ ಸಂಜೆ ಒಂದು ಗಂಟೆ ತೆರೆದಿಡುವಂತೆ ಕೇಳಿ, ಗುಂಪಾಗಿ ಹೋಗಿ ಕೇಳಿದರೆ ಬೇಗ ಒಪ್ಪುತ್ತಾರೆ. ಕಾಲೇಜು ಎನ್‌ಪಿಟೆಲ್‌ನ ಲೋಕಲ್ ಚಾಪ್ಟರ್ (ಎನ್‌ಪಿಟೆಲ್ ಜೊತೆ ನೋಂದಾಯಿಸಿಕೊಂಡ ಕಾಲೇಜು) ಆಗಿದ್ದರೆ ಇನ್ನೂ ಅನುಕೂಲ, ಕೇಳಲು ಒಬ್ಬ ಸಂಚಾಲಕರು ಇರುತ್ತಾರೆ.

ಈ ಕೋರ್ಸ್ ಮಾಡಿದರೆ ಡಿಗ್ರಿಗೆ ಸೇರುವ ಕ್ರೆಡಿಟ್ ಸಿಗುತ್ತಾ ಅಂತ ಪೋಷಕರು ಕೇಳುತ್ತಾರೆ. ಯುಜಿಸಿಯ 2021ರ ನಿಯಮದಲ್ಲಿ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಮಾಡಲು ಅವಕಾಶ ಇದೆ. ನಿಮ್ಮ ವಿಶ್ವವಿದ್ಯಾಲಯ ಆ ಕೋರ್ಸನ್ನು ಒಪ್ಪುತ್ತದಾ ಅಂತ ಸೇರುವ ಮೊದಲೇ ವಿಚಾರಿಸಿ.

ಬರೀ ಚಾಟ್‌ಬಾಟ್ ಬಳಸಿ ರೆಸ್ಯೂಮೆ ಬರೆಯುವುದನ್ನು ಕಲಿಯಬೇಕು ಅನ್ನುವವರಿಗೆ ಇದು ಬೇಡ. ಕಾಮರ್ಸ್‌ನವರು ಪೈಥಾನ್ ಆದ ಮೇಲೆ ಸ್ವಯಂನದೇ ಇನ್ನೊಂದು ತಾಣವಾದ, ಉದ್ಯೋಗಕ್ಕೆ ಬೇಕಾದ ಕೋರ್ಸ್‌ಗಳ ಸ್ವಯಂ ಪ್ಲಸ್‌ನಲ್ಲಿರುವ 'ಎಐ ಇನ್ ಅಕೌಂಟಿಂಗ್' ನೋಡಿ. ನಾನು ಅದನ್ನು ಈಗ ಶುರು ಮಾಡಿದ್ದೇನೆ, ಮುಗಿದ ಮೇಲೆ ಬರೆಯುತ್ತೇನೆ.

ನನ್ನ ರೇಟಿಂಗ್ 5ಕ್ಕೆ 4. ಒಂದು ಕಡಿಮೆ ಮಾಡಿದ್ದು ಕನ್ನಡದ ಕೊರತೆಗೆ. ಕೋರ್ಸ್‌ಗಳು ಜನವರಿ ಮತ್ತು ಜುಲೈ ಸೆಮಿಸ್ಟರ್‌ಗಳಲ್ಲಿ ನಡೆಯುತ್ತವೆ. ಪರೀಕ್ಷೆಯ ಅರ್ಜಿ ತುಂಬುವಾಗ ಊರು ಮೈಸೂರು ಅಂತ ಆರಿಸಿ. ಪರೀಕ್ಷೆ ವಾರಾಂತ್ಯದಲ್ಲಿ ಇರುವುದರಿಂದ ಕ್ಲಾಸ್ ತಪ್ಪುವುದಿಲ್ಲ. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ, ಆದರೆ ಬೆಳಗಿನ ಬಸ್‌ಗಳಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ, ಸ್ವಲ್ಪ ಬೇಗ ಹೊರಡಿ, ಹಾಲ್ ಟಿಕೆಟ್ ಪ್ರಿಂಟ್ ಹಿಂದಿನ ದಿನವೇ ತೆಗೆದಿಟ್ಟುಕೊಳ್ಳಿ.