ಮೈಸೂರು ಮೆಡಿಕಲ್ ಕಾಲೇಜು ಹೇಗಿದೆ? ಹೌಸ್ ಸರ್ಜನ್ ಒಬ್ಬಳ ಅನುಭವ

ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಮುಗಿಸಿ, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಸಾಲಾಗಿ ನಮೂದಿಸುವುದಕ್ಕೆ, ಕಾಯುತ್ತಿರುವ ತಮ್ಮ, ತಂಗಿಯರಿಗೆ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ನಾಲ್ಕೂವರೆ ವರ್ಷ ಓದಿ ಈಗ ಹೌಸ್ ಸರ್ಜನ್, ಅಂದರೆ ಇಂಟರ್ನ್ ಆಗಿದ್ದೇನೆ. ಈ ಕಾಲೇಜನ್ನು ಧೈರ್ಯವಾಗಿ ಲಿಸ್ಟಿನ ಮೇಲ್ಗಡೆ ಹಾಕಿ.

ಕಟ್ಟಡ ನೋಡಿ ಹೇಳುತ್ತಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಕಾಲೇಜು ಇದು, ಹೊಸ ಖಾಸಗಿ ಕಾಲೇಜುಗಳ ಥಳಕು ಇಲ್ಲಿಲ್ಲ. ಇಲ್ಲಿರುವುದು ರೋಗಿಗಳು. ಕಾಲೇಜಿನ ಕೆ.ಆರ್. ಆಸ್ಪತ್ರೆಗೆ ಚಾಮರಾಜನಗರ, ಮಂಡ್ಯ, ಕೊಡಗಿನಿಂದಲೂ ಬರುತ್ತಾರೆ. ಹೆರಿಗೆಗೆ, ಮಕ್ಕಳಿಗೆ ಚೆಲುವಾಂಬ ಆಸ್ಪತ್ರೆ. ಹಾವು ಕಚ್ಚಿದವರು, ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯದವರು, ಬೈಕಿನಿಂದ ಬಿದ್ದವರು, ಪುಸ್ತಕದಲ್ಲಿ ಓದಿದ್ದೆಲ್ಲ ಎದುರಿಗೇ ಬರುತ್ತದೆ. ಒಬ್ಬ ಅಜ್ಜಿ "ಸಂಕ್ಟ ಆಯ್ತದೆ ಕಣವ್ವ" ಅಂದರೆ ಅದು ವಾಕರಿಕೆಯಾ, ಎದೆ ಉರಿಯಾ, ಹಾರ್ಟಿನ ತೊಂದರೆಯಾ ಅಂತ ಕೇಳಿ ಕೇಳಿ ತಿಳಿದುಕೊಳ್ಳಬೇಕು. ಅದನ್ನು ಯಾವ ಕೋಚಿಂಗೂ ಕಲಿಸುವುದಿಲ್ಲ. ನನಗೆ ಕಲಿಸಿದ್ದು ವಾರ್ಡ್ ಪೋಸ್ಟಿಂಗ್, ಅಂದರೆ ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳ ಜೊತೆ ಕಲಿತ ದಿನಗಳು.

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್ ಮೊದಮೊದಲು ಕಷ್ಟ, ಆಮೇಲೆ ಅಭ್ಯಾಸ ಆಗುತ್ತದೆ. ಹಳ್ಳಿಯ ಕೆಲವು ಮನೆಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡಿಕೊಳ್ಳುವ ಕೆಲಸ ಈಗ ಎಲ್ಲ ಎಂಬಿಬಿಎಸ್ ಕಾಲೇಜುಗಳಲ್ಲೂ ಇದೆ. ಸುಮ್ನೆ ಸಹಿಗೋಸ್ಕರ ಹೋಗಬೇಡಿ, ಅವರ ಅಡುಗೆಮನೆ ನೋಡಿದರೆ ಬಿಪಿ ಯಾಕೆ ಇಳಿಯುತ್ತಿಲ್ಲ ಅಂತ ಗೊತ್ತಾಗುತ್ತದೆ. ಕೊನೆಗೆ ಒಂದು ವರ್ಷ ಇಂಟರ್ನ್‌ಶಿಪ್, ಆಗ ನಿದ್ದೆ ಕಡಿಮೆ, ಕಲಿಕೆ ಜಾಸ್ತಿ.

ಅರ್ಜಿಯ ವಿಷಯ. ಸರ್ಕಾರಿ ಕಾಲೇಜಿನ 15% ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದದ್ದು ಕೆಇಎ ಮೂಲಕ. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರದ್ದೇ ಕೋಟಾ ಇದೆ, ಎಷ್ಟೋ ಮಕ್ಕಳು ಗೊತ್ತಿಲ್ಲದೆ ಬಿಟ್ಟುಬಿಡುತ್ತಾರೆ. ಆಪ್ಷನ್ ಹಾಕುವಾಗ ನಿಜವಾಗಿ ಬೇಕಾದದ್ದೇ ಮೊದಲು ಇರಲಿ. ರ್‍ಯಾಂಕ್ ಸಾಲುವುದಿಲ್ಲ ಅಂತ ಹೆದರಿ ಕೆಳಗೆ ಹಾಕಿದರೆ, ಮೇಲಿನದು ಸಿಕ್ಕಿದ ಕೂಡಲೇ ಬೇಕಾದ ಕಾಲೇಜೇ ಕೈಬಿಟ್ಟು ಹೋಗುತ್ತದೆ.

ರಿಸಲ್ಟ್ ಬಂದ ವಾರ ನಮ್ಮಪ್ಪನಿಗೂ ಒಬ್ಬ ಏಜೆಂಟ್ ಫೋನ್ ಮಾಡಿ, ದುಡ್ಡು ಕೊಟ್ಟರೆ ಸರ್ಕಾರಿ ಸೀಟು ಕೊಡಿಸ್ತೀನಿ ಅಂದಿದ್ದ. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸರ್ಕಾರಿ ಸೀಟು ರ್‍ಯಾಂಕ್ ನೋಡಿಯೇ ಕೊಡುವುದು, ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ.

ಸಾಧ್ಯವಾದರೆ ಆಪ್ಷನ್ ಹಾಕುವ ಮೊದಲು ಒಂದು ಸೋಮವಾರ ಬೆಳಿಗ್ಗೆ ಬಂದು ಕೆ.ಆರ್. ಆಸ್ಪತ್ರೆಯ ಓಪಿಡಿ (ಹೊರರೋಗಿ ವಿಭಾಗ) ಮುಂದೆ ಅರ್ಧ ಗಂಟೆ ನಿಂತುಕೊಳ್ಳಿ. ಆ ಸಾಲು ನೋಡಿ ಒಳಗೆ ಹೋಗಬೇಕು ಅನ್ನಿಸಿದರೆ ಈ ಕಾಲೇಜು ನಿಮ್ಮದೇ.